ಗುಂಡು ಒಳಗಿರಬೇಕೇ, ಹೊರಗಿರಬೇಕೇ

ಹೆಂಡತಿ ಪಿಸ್ತೂಲು ಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬಂಗುಡೆ ಹುರಿಯುತ್ತಿರುವಾಗ. ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿಟ್ಟಿದ್ದೆ. ಅಬುಧಾಬಿಯಲ್ಲಿ ಸಂಜೆ, ಟೆಕ್ಸಾಸಿನಲ್ಲಿ ಬೆಳಿಗ್ಗೆ. ಅವಳು ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದು, ಶೂ ಕೂಡ ಬಿಚ್ಚದೆ ಸೋಫಾದಲ್ಲಿ ಕೂತಿದ್ದಳು.

"ಒಂದು ವಿಷಯ ಹೇಳ್ತೇನೆ, ಬೊಬ್ಬೆ ಹೊಡೀಬಾರ್ದು," ಎಂದಳು.

ನಾನು ಬೊಬ್ಬೆ ಹೊಡೆಯುವವನಲ್ಲ, ಬೆವರುವವನು. ಅದು ಅವಳಿಗೂ ಗೊತ್ತು.

"ಹೇಳು ಮಾರಾಯ್ತಿ."

"ಪಿಸ್ತೂಲು ತಗೊಂಡೆ."

"ಎಂತದು?"

"ಪಿಸ್ತೂಲು. ಸಣ್ಣದು, ಬ್ಯಾಗಲ್ಲಿ ಹಿಡೀತದೆ. ನಿಮ್ಮ ಮೀನು ಕರಟಿ ಹೋಗ್ತಾ ಉಂಟು, ನೋಡಿ."

ಮೀನು ಮಗುಚಿದೆ. ಆ ಹೊತ್ತಿಗೆ ನನಗೆ ಮಾಡಲು ಸಾಧ್ಯವಿದ್ದದ್ದು ಅದೊಂದೇ.

ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ. ಇಲ್ಲಿ ಅವಳ ಮಾತನ್ನು ನಮ್ಮ ಮಂಗಳೂರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸ್ವರ ಮಾತ್ರ ಅವಳದ್ದೇ. ಆಸ್ಪತ್ರೆಯಲ್ಲಿ ರೋಗಿಗೆ ಸೂಜಿ ಚುಚ್ಚುವ ಮೊದಲು ಹೇಳುವ ಸ್ವರ, ಏನಿಲ್ಲ, ಇರುವೆ ಕಚ್ಚಿದ ಹಾಗೆ ಆಗ್ತದೆ ಅಷ್ಟೇ ಎಂಬ ಸ್ವರ.

ಆದದ್ದು ಇಷ್ಟು. ಅವಳ ಆಸ್ಪತ್ರೆಯ ಪಾರ್ಕಿಂಗ್ ಎಂದರೆ ಮೈದಾನ. ಒಂದು ದಿನ ಡ್ಯೂಟಿ ಮುಗಿಸಿ ಕಾರಿನತ್ತ ಹೊರಟಾಗ ಒಬ್ಬ ಮನುಷ್ಯ ಹಿಂದೆ ಬಂದನಂತೆ. ಅವಳು ನಿಂತರೆ ಅವನೂ ನಿಂತ, ನಡೆದರೆ ಅವನೂ ನಡೆದ. ಕಾರಿನೊಳಗೆ ಕೂತು ಬಾಗಿಲು ಲಾಕ್ ಮಾಡಿಕೊಂಡ ಮೇಲೆ ಕಿಟಕಿಯ ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದ. ಏನೂ ಮಾಡಲಿಲ್ಲ. ನೋಡಿದ, ಹೋದ. ಇದನ್ನು ಅವಳು ನನಗೆ ಹೇಳಿರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಫಿಲಿಪಿನೋ ನರ್ಸಿಗೆ ಹೇಳಿದಳು. ಆ ಪುಣ್ಯಾತ್ಗಿತ್ತಿ ರಜೆಯ ದಿನ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ಗಾಳದ ಕೋಲು, ಡೇರೆ, ಮಕ್ಕಳ ಸೈಕಲ್ಲು ಎಲ್ಲ ಇಟ್ಟಿದ್ದ ಸಾಲಿನ ಕೊನೆಗೇ ಪಿಸ್ತೂಲುಗಳ ಗಾಜಿನ ಕಪಾಟಂತೆ.

"ಈಗ ನೀವು ಹೇಳಿ," ಎಂದಳು. "ಗುಂಡು ಒಳಗೆ ಹಾಕಿ ಇಟ್ಟುಕೊಳ್ಳುವುದಾ, ಹಾಕದೆ ಇಟ್ಟುಕೊಳ್ಳುವುದಾ?"

"ಗುಂಡಿಲ್ಲದೆ ಪಿಸ್ತೂಲು ಯಾಕೆ ಮತ್ತೆ?"

"ಹಾಗಲ್ಲ. ಗುಂಡು ಹೇಗೂ ಇರ್ತದೆ. ಕೇಳಿ ಸರಿ."

ಅವಳು ವಿವರಿಸಿದಳು. ಗುಂಡುಗಳು ಹಿಡಿಕೆಯೊಳಗಿನ ಮ್ಯಾಗಜಿನ್‌ನಲ್ಲಿ ಒಂದರ ಮೇಲೊಂದು ನಿಂತಿರುತ್ತವೆ. ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದು ಬಿಟ್ಟರೆ ಮೊದಲನೆಯದು ನಳಿಗೆಯ ಬುಡಕ್ಕೆ ಹೋಗಿ ಕೂರುತ್ತದೆ. ಆ ಗೂಡಿಗೆ ಛೇಂಬರ್ ಎನ್ನುತ್ತಾರೆ. ಅಲ್ಲಿ ಗುಂಡು ಕೂತಿದ್ದರೆ ಟ್ರಿಗರ್ ಒತ್ತಿದೊಡನೆ ಸಿಡಿಯುತ್ತದೆ. ಕೂತಿಲ್ಲದಿದ್ದರೆ ಮೊದಲು ಎರಡೂ ಕೈ ಬಳಸಿ ಸ್ಲೈಡ್ ಎಳೆಯಬೇಕು, ಆಮೇಲೆ ಒತ್ತಬೇಕು. ಅಂಗಡಿಯವನು, ಒಳಗೆ ಹಾಕಿಯೇ ಇಟ್ಟುಕೋ, ಹೊತ್ತಿಗೆ ಆಗುವುದು ಅದೇ ಎಂದನಂತೆ. ಫಿಲಿಪಿನೋ ನರ್ಸ್, ಬೇಡವೇ ಬೇಡ, ಬ್ಯಾಗಿನಲ್ಲಿ ಲಿಪ್‌ಸ್ಟಿಕ್ ಹುಡುಕುವಾಗ ಸಿಡಿದರೆ ಏನು ಗತಿ ಎಂದಳಂತೆ.

"ಇಬ್ಬರು ಎರಡು ಹೇಳ್ತಾರೆ. ನೀವು ಯೋಚನೆ ಮಾಡಿ ಹೇಳಿ. ಯೋಚನೆ ಮಾಡುವುದು ನಿಮ್ಮ ಕೆಲಸ ಅಲ್ವಾ."

ವ್ಯಂಗ್ಯವಾಗಿ ಹೇಳಿದ್ದಲ್ಲ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಧೈರ್ಯದ ಇಲಾಖೆ ಅವಳದ್ದು, ಚಿಂತೆಯ ಇಲಾಖೆ ನನ್ನದು. ಗ್ಯಾಸ್ ಆರಿಸಿದೆವೇ ಎಂದು ಲಿಫ್ಟಿನಿಂದ ಮರಳಿ ಹೋಗಿ ನೋಡುವವನು ನಾನು. ವಿಮಾನ ಹೊರಡುವ ಎಷ್ಟೋ ಮೊದಲೇ ಎಲ್ಲರನ್ನೂ ಹೊರಡಿಸಿ, ವಿಮಾನ ನಿಲ್ದಾಣದ ಕುರ್ಚಿಗಳಲ್ಲಿ ತೂಕಡಿಸುವಂತೆ ಮಾಡಿದವನೂ ನಾನೇ. ಸಾಲದ್ದಕ್ಕೆ ಹೊಟ್ಟೆಪಾಡಿಗೂ ಅದನ್ನೇ ಆರಿಸಿಕೊಂಡಿದ್ದೇನೆ. ಕಟ್ಟಡ ಕಟ್ಟುವ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಬೆಳಿಗ್ಗೆ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ, ಇವತ್ತು ನೀವು ಯಾವ ಯಾವ ರೀತಿಯಲ್ಲಿ ಸಾಯಬಹುದು ಎಂದು ಹಿಂದಿಯಲ್ಲಿ ತಿಳಿಸಿ ಹೇಳುವುದು ನನ್ನ ಕೆಲಸ. ಅವರು ಆಕಳಿಸುತ್ತಾರೆ. ನಾನು ಮಾತ್ರ ಇಡೀ ದಿನ ಹೆದರಿಕೊಂಡಿರುತ್ತೇನೆ.

ಹೆಂಡತಿ, ಮಗಳು ಅಲ್ಲಿ; ನಾನು ಇಲ್ಲಿ ಯಾಕೆ ಎಂದರೆ, ಅದೂ ಇದೇ ಗುಣದ ಫಲ. ಅವಳಿಗೆ ಅಮೆರಿಕದ ಆಸ್ಪತ್ರೆಯಲ್ಲಿ ಕೆಲಸವಾದಾಗ ಮೂವರಿಗೂ ವೀಸಾದ ಕಾಗದ ಹಾಕಿದೆವು. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನಿಮಗೆ ಬಂದೂಕು, ಸ್ಫೋಟಕ ಇತ್ಯಾದಿಗಳಲ್ಲಿ ತರಬೇತಿ ಏನಾದರೂ ಆಗಿದೆಯೇ? ಲೋಕದ ಎಲ್ಲ ಬುದ್ಧಿವಂತರೂ ಇಲ್ಲ ಎಂದು ಬರೆದು ಮುಂದೆ ಹೋಗುತ್ತಾರೆ. ನಾನು ಹಿಂದೊಮ್ಮೆ ಫುಜೈರಾದ ಕಲ್ಲಿನ ಕೋರೆಯಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ಬಂಡೆ ಸಿಡಿಸುವಾಗ ಕೆಂಪು ಬಾವುಟ ಹಿಡಿದು ದೂರ ನಿಂತು ಸೀಟಿ ಊದುವುದು ನನ್ನ ಜವಾಬ್ದಾರಿಯಾಗಿತ್ತು. ಅದಕ್ಕೆ ಒಂದು ದಿನದ ತರಬೇತಿಯೂ ಆಗಿತ್ತು. ಮುಚ್ಚಿಟ್ಟರೆ ನಾಳೆ ತೊಂದರೆಯಾದೀತೆಂದು ಹೌದು ಎಂದು ಬರೆದೆ. ಅವರಿಬ್ಬರ ವೀಸಾ ಬಂತು. ನನ್ನದು ಪರಿಶೀಲನೆಯಲ್ಲಿದೆ. ಹೀಗೆ, ಸೀಟಿ ಊದಿದವನನ್ನು ಹೊರಗೆ ನಿಲ್ಲಿಸಿರುವ ದೇಶ ಅವನ ಹೆಂಡತಿಗೆ ಸೈಕಲ್ಲಿನ ಪಕ್ಕದ ಕಪಾಟಿನಿಂದ ಪಿಸ್ತೂಲು ತೆಗೆದುಕೊಟ್ಟಿತು.

ಅವರು ಹೋದ ಮೇಲೆ ಖಾಲಿದಿಯಾ ಬಡಾವಣೆಯ ನಮ್ಮ ಫ್ಲ್ಯಾಟ್ ಬಿಟ್ಟು ಟೂರಿಸ್ಟ್ ಕ್ಲಬ್ ಏರಿಯಾ ಎಂಬ ಬಡಾವಣೆಯ ಬಾಡಿಗೆ ಕೋಣೆಗೆ ಬಂದೆ. ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿ "ಎಕ್ಸಿಕ್ಯೂಟಿವ್ ಬ್ಯಾಚುಲರ್ಸ್ ಮಾತ್ರ" ಎಂದಿತ್ತು. ಹದಿನೈದು ವರ್ಷದ ಮಗಳ ತಂದೆ ಈ ವಯಸ್ಸಿನಲ್ಲಿ ಬ್ಯಾಚುಲರ್ ಆದೆ. ದೊಡ್ಡ ಹಾಲ್ ಒಂದನ್ನು ಜಿಪ್ಸಮ್ ಹಲಗೆ ನಿಲ್ಲಿಸಿ ಎರಡು ಮಾಡಿದ್ದಾರೆ. ಈ ಬದಿ ನಾನು, ಆ ಬದಿ ಕೇರಳದ ಒಬ್ಬ ಅಕೌಂಟೆಂಟ್. ಅವರು ಮಗ್ಗುಲು ಬದಲಿಸಿದರೆ ನನ್ನ ಮಂಚ ಕಿರುಗುಟ್ಟಿದಂತೆ ಕೇಳುತ್ತದೆ. ಇಲ್ಲಿ ಹೆದರಲು ಏನೂ ಇಲ್ಲ, ಅದೇ ಕಷ್ಟ. ಮಾಲಿನಲ್ಲಿ ಊಟದ ಮೇಜು ಹಿಡಿಯಲು ಜನ ಫೋನನ್ನೇ ಇಟ್ಟು ಎದ್ದು ಹೋಗುತ್ತಾರೆ. ಕೋಣೆಯ ಬಾಗಿಲು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ನನ್ನ ಚಿಂತೆಗೆ ಈ ಊರಿನಲ್ಲಿ ನೌಕರಿಯಿಲ್ಲ. ಹಾಗಾಗಿ ಅದು ದಿನಾ ಟೆಕ್ಸಾಸಿಗೆ ದುಡಿಯಲು ಹೋಗುತ್ತಿತ್ತು.

ಜಿಪ್ಸಮ್ ಗೋಡೆಯಿಂದಾಗಿ ಒಂದು ಹೊಸ ಭಯ ಹುಟ್ಟಿತು. ಅಕೌಂಟೆಂಟಿಗೆ ಕೊಂಕಣಿ ಬರುವುದಿಲ್ಲ, ನಿಜ. ಆದರೆ ಪಿಸ್ತೂಲು, ಮ್ಯಾಗಜಿನ್, ಬುಲೆಟ್ ಇವು ಎಲ್ಲ ಭಾಷೆಗಳಲ್ಲೂ ಅವೇ. ಒಬ್ಬ ಮನುಷ್ಯ ಸಂಜೆ ಸಂಜೆ ಗೋಡೆಯಾಚೆ ಬುಲೆಟ್ ಬುಲೆಟ್ ಎನ್ನುತ್ತಿದ್ದರೆ ಯಾರಾದರೂ ಏನೆಂದುಕೊಂಡಾರು? ಹಾಗಾಗಿ ಮರುದಿನವೇ ಹೆಂಡತಿಗೆ ಹೇಳಿದೆ, ಇನ್ನು ಅದಕ್ಕೆ ಮಿಕ್ಸಿ ಎನ್ನೋಣ. ಗುಂಡು ಒಳಗಿದ್ದರೆ ಪ್ಲಗ್ ಹಾಕಿದೆ, ಇಲ್ಲದಿದ್ದರೆ ಪ್ಲಗ್ ತೆಗೆದಿದೆ.

"ನಿಮ್ಮ ತಲೆಯ ಪ್ಲಗ್ ಮೊದಲು ತೆಗೀಬೇಕು," ಎಂದಳು. ಆದರೂ ಒಪ್ಪಿದಳು.

"ಮಿಕ್ಸಿ ಎಲ್ಲಿದೆ?" "ಬ್ಯಾಗಲ್ಲಿ." "ಪ್ಲಗ್?" "ತೆಗೆದಿದೆ, ನೀವು ಹೇಳುವವರೆಗೆ ಹಾಕುವುದಿಲ್ಲ. ಬೇಗ ಹೇಳಿ." ಹೀಗೆ ಕೆಲವು ವಾರ ನಡೆಯಿತು. ಒಂದು ಸಂಜೆ ಅಕೌಂಟೆಂಟ್ ಅಡುಗೆಮನೆಯಲ್ಲಿ ಸಿಕ್ಕಿ, ಬಹಳ ಸಂಕೋಚದಿಂದ ಹಿಂದಿಯಲ್ಲಿ ಶುರುಮಾಡಿದರು. "ಚೇಟ್ಟಾ, ಬೇಜಾರು ಮಾಡ್ಕೋಬೇಡಿ. ಮನೆಯವರ ಮಿಕ್ಸಿ ಅಷ್ಟು ತೊಂದರೆ ಕೊಡುವುದಾದರೆ ಒಂದು ಹೊಸದು ತೆಗೆಸಿಕೊಡಿ. ಪಾಪ, ಅವರಿಗೂ ಸಾಕಾಗಿರ್ತದೆ."

ನಾನು ಥ್ಯಾಂಕ್ಸ್ ಹೇಳಿದೆ.

ಉತ್ತರ ಹೇಳಲಿಕ್ಕೆ ನನಗೆ ಗೊತ್ತಿರಬೇಕಲ್ಲ. ಶಬ್ದ ತೆಗೆದು, ಚಾದರದೊಳಗೆ ಫೋನ್ ಹಿಡಿದು ವಿಡಿಯೊ ನೋಡತೊಡಗಿದೆ. ಈ ಒಂದು ಪ್ರಶ್ನೆಗೆ ಅಮೆರಿಕದಲ್ಲಿ ಎರಡು ಪಂಗಡಗಳೇ ಇವೆ. ಒಳಗೆ ಇರಲಿ ಎನ್ನುವವರು ಹೇಳುತ್ತಾರೆ: ಹೊಡೆಯಲು ಬಂದವನು ನೀನು ಸ್ಲೈಡ್ ಎಳೆಯುವವರೆಗೆ ಕಾಯುವುದಿಲ್ಲ, ನಿನ್ನ ಒಂದು ಕೈ ಅವನ ಹಿಡಿತದಲ್ಲೇ ಇರಬಹುದು. ಬೇಡ ಎನ್ನುವವರು ಹೇಳುತ್ತಾರೆ: ಅವನು ಬರುವ ದಿನಕ್ಕಿಂತ ಬಾರದ ದಿನಗಳೇ ಹೆಚ್ಚು, ಆ ಎಲ್ಲ ದಿನಗಳಲ್ಲೂ ಆ ಗುಂಡು ನಿನ್ನ ಸೊಂಟದ ಪಕ್ಕ ಕೂತಿರುತ್ತದೆ. ಇಬ್ಬರೂ ಸರಿ. ಒಬ್ಬನ ವಿಡಿಯೊ ನೋಡಿ ಹಾಕಿರಲಿ ಎಂದು ನಿಶ್ಚಯಿಸುತ್ತಿದ್ದೆ, ಇನ್ನೊಬ್ಬನದ್ದು ಮುಗಿಯುವಾಗ ತೆಗೆದಿರಲಿ ಎನಿಸುತ್ತಿತ್ತು. ಫೋನು ನನ್ನನ್ನು ಬೇರೆ ಯಾರೋ ಎಂದುಕೊಂಡು ಸೊಂಟಕ್ಕೆ ಕಟ್ಟುವ ಚರ್ಮದ ಚೀಲಗಳ ಜಾಹೀರಾತು ತೋರಿಸತೊಡಗಿತು. ಕೆಲವುಗಳಲ್ಲಿ ಹೂವಿನ ಕಸೂತಿ ಇತ್ತು.

ನನಗೆ ಗೊತ್ತಿದ್ದ ಕೋವಿ ಎಂದರೆ ನಮ್ಮ ತಂದೆಯದ್ದು. ಕಾಡುಹಂದಿಗೆಂದು ಲೈಸನ್ಸ್ ಮಾಡಿಸಿದ್ದು. ಎದುರು ಚಾವಡಿಯ ಗೋಡೆಯಲ್ಲಿ ತೂಗುತ್ತಿತ್ತು. ಅದರ ಗುಂಡು ತೋಟೆಗಳು ಒಳಗೆ ಶಿಲುಬೆ ಇಟ್ಟ ದೇವರ ಆಲ್ತಾರಿನ ಕೆಳಗಿನ ಖಾನೆಯಲ್ಲಿ, ಬೀಗದ ಕೈ ಅಮ್ಮನ ಸೊಂಟದಲ್ಲಿ. ಹಂದಿ ಬಂತೆಂದು ನಾಯಿ ಬೊಗಳಿದರೆ ತಂದೆ ಕೋವಿ ಇಳಿಸಿ ಅಮ್ಮನನ್ನು ಕರೆಯಬೇಕು, ಅಮ್ಮ ಇಷ್ಟು ಹೊತ್ತಿನಲ್ಲಿ ಹೊರಗೆ ಹೋಗುವುದು ಬೇಡ ಎನ್ನಬೇಕು, ಇಬ್ಬರಿಗೂ ಎರಡು ಮಾತಾಗಬೇಕು, ಆಮೇಲೆ ಖಾನೆ ತೆರೆಯಬೇಕು. ಅಷ್ಟರಲ್ಲಿ ಹಂದಿ ಗೆಣಸು ಮುಗಿಸಿ ಕೈ ತೊಳೆದುಕೊಂಡು ಹೋಗಿರುತ್ತಿತ್ತು. ಚುನಾವಣೆ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ತಂದೆ ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕೊಂಡುಹೋಗುತ್ತಿದ್ದರು, ಕಂಡಕ್ಟರ್ ಅದಕ್ಕೂ ಲಗೇಜು ಟಿಕೆಟು ಹರಿಯುತ್ತಿದ್ದ. ಕೋವಿಗೂ ಗುಂಡಿಗೂ ನಡುವೆ ಒಂದು ಚಾವಡಿ, ಒಂದು ಜಗಳ, ಒಬ್ಬ ಅಮ್ಮ ಇದ್ದ ಮನೆಯಲ್ಲಿ ಬೆಳೆದವನು ನಾನು. ಟೆಕ್ಸಾಸಿನಲ್ಲಿ ಎರಡರ ನಡುವೆ ಒಂದು ಬೆರಳೂ ಇಲ್ಲ.

ಕೊನೆಗೆ ದುಬೈಗೆ ಹೋಗಿ ಒಬ್ಬ ಸ್ನೇಹಿತರಿಗೆ ಹೇಳಿಕೊಂಡೆ. ಭಟ್ಕಳದವರು, ಅಲ್ಲಿನ ನೈಫ್ ಎಂಬ ಪೇಟೆಯಲ್ಲಿ ಅತ್ತರಿನ ಅಂಗಡಿ. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದೇ ಕೋಣೆಯಲ್ಲಿದ್ದವರು. ಈಗ ಅವರಿಗೆ ಹೊಟ್ಟೆ ಬಂದಿದೆ, ನನಗೆ ಬಿಪಿ. ನಾನು ಹೋದಾಗ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿ ನಮಾಜಿಗೆ ಹೋಗಿದ್ದರು. ಒಳಗೆ ಶೀಶೆಗಳೆಲ್ಲ ಬೆಳಕಿನಲ್ಲಿ ನಿಂತಿದ್ದವು. ಹಗ್ಗವನ್ನು ಒಂದು ಮಗುವೂ ದಾಟಬಹುದು. ಯಾರೂ ದಾಟುವುದಿಲ್ಲ. ನಾನು ಹೊರಗೆ ನಿಂತು ಆ ಹಗ್ಗವನ್ನು ಕಾದೆ, ಅಭ್ಯಾಸಬಲದಿಂದ.

ಬಂದವರು ಎಲ್ಲ ಕೇಳಿ ನಕ್ಕರು. "ಅರೆ ಭಾಯಿ, ಕೋವಿ ಇರುವುದು ಭಾಬಿ ಹತ್ತಿರ. ನಡುಗುವುದು ನೀವಾ?"

"ತಮಾಷೆ ಅಲ್ಲ ಮಾರಾಯ್ರೆ. ನಾನು ಒಂದು ಉತ್ತರ ಹೇಳಬೇಕು."

"ಜಿಂದಗಿಯಲ್ಲಿ ಕೋವಿ ಮುಟ್ಟಿದ್ದೀರಾ?"

"ಇಲ್ಲ."

"ಮುಟ್ಟದೆ ಎಂತ ಉತ್ತರ? ನಡೀರಿ, ಯಲ್ಲಾ."

ಊರ ಹೊರಗಿನ ಶೂಟಿಂಗ್ ಕ್ಲಬ್ಬಿಗೆ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಅಲ್ಲಿ ಯಾರು ಬೇಕಾದರೂ ಐಡಿ ಕೊಟ್ಟು, ಸಹಿ ಹಾಕಿ, ಕಲಿಸುವವರ ಜೊತೆ ನಿಂತು ಪಿಸ್ತೂಲು ಹೊಡೆಯಬಹುದು. ಕೌಂಟರಿನ ಹುಡುಗಿ ನಗುತ್ತಾ ಪೆನ್ನು ಕೊಟ್ಟಳು. ಪೆನ್ನು ಹಿಡಿದಾಗಲೇ ನನಗೆ ಆ ಅರ್ಜಿ ನೆನಪಾದದ್ದು. ಬಂದೂಕು, ಸ್ಫೋಟಕ ಇತ್ಯಾದಿ. ಸ್ಫೋಟಕಕ್ಕೆ ಹೌದು ಎಂದಾಗಿದೆ. ಇನ್ನು ಬಂದೂಕಿಗೂ ಹೌದು ಎನ್ನುವಂತಾದರೆ ನನ್ನ ಪರಿಶೀಲನೆ ಮಗಳ ಮದುವೆಯಾದರೂ ಮುಗಿಯುವುದಿಲ್ಲ. ಪೆನ್ನು ಕೆಳಗಿಟ್ಟೆ.

"ನೀವು ಹೊಡೀರಿ. ನಾನು ಇಲ್ಲಿಂದ ನೋಡ್ತೇನೆ."

"ಅಲ್ಲ ಭಾಯಿ, ನಾನು ಅತ್ತರು ಮಾರುವವ. ನನಗೆ ಯಾಕೆ?"

"ನನಗೋಸ್ಕರ."

ಹೊಡೆದರು. ನಾನು ದಪ್ಪ ಗಾಜಿನ ಈಚೆ, ಕಿವಿಗೆ ಮುಚ್ಚಳ ಹಾಕಿ ನಿಂತಿದ್ದೆ. ಆ ದೊಡ್ಡ ದೇಹ ಪ್ರತಿ ಗುಂಡಿಗೂ ಜಿಲೇಬಿ ತಿಂದ ಮಗುವಿನ ಹಾಗೆ ಹಿಗ್ಗುವುದು ಕಾಣುತ್ತಿತ್ತು. ಹೊರಬಂದವರು ಗುರಿಯ ಕಾಗದವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದರು.

"ನಿಮ್ಮ ಪ್ರಶ್ನೆಗೆ ಇಲ್ಲಿ ಉತ್ತರ ಉಂಟು," ಎಂದರು. "ಗುಂಡು ಹಾಕುವುದು ಎದುರಿಗೆ ಕಾಗದದ ಮನುಷ್ಯ ನಿಂತ ಮೇಲೆ. ಹೊಡೆದಾದ ಕೂಡಲೇ ಖಾಲಿ ಮಾಡಿ ತೋರಿಸ್ಬೇಕು. ಖಾಲಿ ಆಗದೆ ಒಂದು ಹೆಜ್ಜೆ ತಿರುಗಲಿಕ್ಕೆ ಬಿಡುವುದಿಲ್ಲ. ಖಲಾಸ್. ಭಾಬಿಗೆ ಹೇಳಿ, ಖಾಲಿ ಇಡಲಿ."

"ಪಾರ್ಕಿಂಗಿನಲ್ಲಿ ಬಂದವನು ಕಾಗದದವನಲ್ವಲ್ಲ. ಅವನು ನಿಂತುಕೊಳ್ತಾನಾ?"

ಅವರು ಕಾಗದದ ಸುರುಳಿಯನ್ನು ಕಾರಿನ ಹಿಂದಿನ ಸೀಟಿಗೆ ಎಸೆದರು. ಆಮೇಲೆ, "ನಿಮ್ಮ ಜೊತೆ ಇದೇ ಕಷ್ಟ. ಒಂದು ಉತ್ತರ ಕೊಟ್ರೆ ಅದಕ್ಕೆ ಮರಿ ಹಾಕಿಸ್ತೀರಿ," ಎಂದರು.

ಹೆಂಡತಿ ಕೇಳುತ್ತಲೇ ಇದ್ದಳು, ಆದರೆ ವಾರದಿಂದ ವಾರಕ್ಕೆ ಕೇಳುವ ರೀತಿ ಬದಲಾಯಿತು. ಮೊದಲು "ಎಂತ ನಿಶ್ಚಯ ಮಾಡಿದ್ರಿ?" ಎನ್ನುತ್ತಿದ್ದಳು. ಆಮೇಲೆ "ಆಯ್ತಾ?" ಎಂದಷ್ಟೇ. ಆಮೇಲೆ ಕೇಳಲಿಲ್ಲ. ಕೇಳದಿದ್ದುದು ನನಗೆ ಹಿತವೇ ಆಯಿತು, ಪ್ರಶ್ನೆ ತಣ್ಣಗಾಗುತ್ತಿದೆ ಎಂದುಕೊಂಡೆ. ಕೆಲಸದಿಂದ ಬರುವುದು, ಮೀನು ತೊಳೆಯುವುದು, ಫೋನಿನಲ್ಲಿ ಅವಳ ಹಿಂದಿನ ಕಿಟಕಿಯಿಂದ ಬೀಳುವ ಬೆಳಗಿನ ಬಿಸಿಲು ನೋಡುವುದು. ನನ್ನ ದಿನ ಮುಗಿದ ಹೊತ್ತಿಗೆ ಅವಳ ಮನೆಯಲ್ಲಿ ಬೆಳಕು ಹರಿದಿರುತ್ತಿತ್ತು. ಕೆಲವು ಸಲ ಅವಳು ಮಾತಾಡುತ್ತಲೇ ನಿದ್ದೆ ಹೋಗುತ್ತಿದ್ದಳು. ನಾನು ಕರೆ ಕಡಿಯದೆ, ಅವಳ ಮನೆಯ ಛಾವಣಿಯ ಫ್ಯಾನು ತಿರುಗುವುದನ್ನು ನೋಡುತ್ತಾ ಊಟ ಮಾಡುತ್ತಿದ್ದೆ. ಆ ಫ್ಯಾನಿನ ಗಾಳಿ ನನಗೆ ಬೀಸುವುದಿಲ್ಲ ಎಂಬುದು ಗೊತ್ತಿದ್ದೂ ಶರ್ಟಿನ ಗುಂಡಿ ಹಾಕಿಕೊಂಡದ್ದುಂಟು.

ಮಗಳ ಹೊತ್ತು ಬೇರೆ. ನಾನು ಬೆಳಿಗ್ಗೆ ಕಂಪನಿಯ ಬಸ್ಸಿಗೆ ಕಾಯುವಾಗ ಅವಳಿಗೆ ಮಲಗುವ ಹೊತ್ತು. ತಾಯಿ ಡ್ಯೂಟಿಗೆ ಹೋಗಿರುತ್ತಾಳೆ. ನಾನು ಫೋನ್ ಮಾಡಿ ಕೊಂಕಣಿಯಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಬಾಗಿಲು ಹಾಕಿದ್ದೀಯಾ? ಯೆಸ್ ಡ್ಯಾಡಿ. ಗ್ಯಾಸ್? ಇಟ್ಸ್ ಎಲೆಕ್ಟ್ರಿಕ್ ಡ್ಯಾಡಿ, ಐ ಟೋಲ್ಡ್ ಯೂ. ಪ್ರಾರ್ಥನೆ? ಡನ್. ಅವಳ ಸ್ವರದಲ್ಲಿ ನನ್ನ ಬಗ್ಗೆ ಒಂದು ದೊಡ್ಡವರ ತಾಳ್ಮೆ ಇರುತ್ತದೆ.

ಒಂದು ದಿನ ಈ ಪ್ರಶ್ನೆಗಳ ಪಟ್ಟಿ ಮುಗಿದ ಮೇಲೂ ಬಸ್ಸು ಬಂದಿರಲಿಲ್ಲ. ಹಿಂದಿನ ಸಂಜೆ ಹೆಂಡತಿ ಒಂದು ಮಾತು ಹೇಳಿದ್ದಳು: ಆಸ್ಪತ್ರೆಯೊಳಗೆ, ಬ್ಯಾಗಿನಲ್ಲಿ ಕೂಡ ಇಂಥದ್ದೇನೂ ಇರಬಾರದೆಂದು ನೋಟಿಸು ಹಾಕಿದ್ದಾರೆ, ಸ್ವಲ್ಪ ದಿನ ಮಿಕ್ಸಿ ಮನೆಯಲ್ಲೇ ಇರುತ್ತದೆ, ಮಂಚದ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ. ನಂಬರು ಒತ್ತಿದರೆ ತೆರೆಯುವ ಪೆಟ್ಟಿಗೆ ಅದು. ಹಾಗಾಗಿ ಪಟ್ಟಿಗೆ ಒಂದು ಹೊಸ ಸಾಲು ಸೇರಿಸಿದೆ.

"ಮಮ್ಮಿಯ ಪೆಟ್ಟಿಗೆ ಲಾಕ್ ಆಗಿದೆಯಾ, ಸ್ವಲ್ಪ ನೋಡಿ ಬಾ."

"ಇಟ್ಸ್ ಲಾಕ್ಡ್, ಡ್ಯಾಡಿ. ಐ ಚೆಕ್ಡ್ ಆಲ್ರೆಡಿ."

ನನಗೆ ಹೆಮ್ಮೆಯಾಯಿತು. ಕೇಳುವ ಮೊದಲೇ ನೋಡಿದ್ದಾಳೆ. ರಕ್ತ ಎಂದರೆ ಹೀಗಿರಬೇಕು.

"ಹೇಗೆ ಚೆಕ್ ಮಾಡಿದೆ ಪುತಾ?"

"ಐ ಓಪನ್ಡ್ ಇಟ್ ಆಂಡ್ ಕ್ಲೋಸ್ಡ್ ಇಟ್ ಅಗೇನ್."

ಬಸ್ಸು ಬಂತು. ನಾನು ಹತ್ತಲಿಲ್ಲ. ಚಾಲಕ ಹಾರ್ನ್ ಹಾಕಿದ, ಕೈ ಮಾಡಿ ಹೋಗು ಎಂದೆ.

"ನಂಬರ್ ನಿನಗೆ ಯಾರು ಹೇಳಿದ್ದು?"

"ನೋಬಡಿ. ಇಟ್ಸ್ ಮೈ ಬರ್ತ್‌ಡೇ. ಎವ್ರಿಥಿಂಗ್ ಈಸ್ ಮೈ ಬರ್ತ್‌ಡೇ, ಡ್ಯಾಡಿ."

ಹೌದು. ನನ್ನ ಫೋನು, ಹೆಂಡತಿಯ ಫೋನು, ವೈಫೈ, ಸೂಟ್‌ಕೇಸಿನ ಬೀಗ, ಬ್ಯಾಂಕಿನ ಕಾರ್ಡು ಎಲ್ಲವೂ ಮಗಳು ಹುಟ್ಟಿದ ದಿನ. ಅವಳು ಹುಟ್ಟಿದ ವರ್ಷ ನಾನೇ ಶುರುಮಾಡಿದ ಪದ್ಧತಿ. ಮರೆತು ಹೋಗಬಾರದಲ್ಲ ಎಂದು.

"ಒಳಗೆ ಅದು ಇತ್ತಾ?"

"ಯಾ. ಇಟ್ಸ್ ಹೆವಿಯರ್ ದ್ಯಾನ್ ಇಟ್ ಲುಕ್ಸ್," ಎಂದಳು.

ಅಂದರೆ ಎತ್ತಿದ್ದಾಳೆ. ಅಂದರೆ ಹಿಡಿಕೆಯನ್ನೇ ಹಿಡಿದು ಎತ್ತಿದ್ದಾಳೆ, ಬೇರೆ ಹೇಗೆ ಎತ್ತುತ್ತಾರೆ. ನಾನು ಗದರಿಸಲಿಲ್ಲ. ಗದರಿಸಿದರೆ ಮುಂದಿನ ಸಲ ಹೇಳುವುದಿಲ್ಲ. ಇದು ಕೆಲಸದ ಜಾಗದಲ್ಲಿ ಕಲಿತದ್ದು. ಇನ್ನು ಆ ಪೆಟ್ಟಿಗೆ ಮುಟ್ಟಬೇಡ, ಮಮ್ಮಿ ಬರುವವರೆಗೆ ಆ ಕೋಣೆಗೇ ಹೋಗಬೇಡ ಎಂದೆ. ಓಕೆ ಎಂದಳು. ನಿದ್ದೆ ಬರ್ತಾ ಉಂಟು ಎಂದಳು, ಅದೊಂದನ್ನು ಕೊಂಕಣಿಯಲ್ಲಿ. ಕೂಡಲೇ ಹೆಂಡತಿಗೆ ಫೋನು ಮಾಡಿದೆ. ವಾರ್ಡಿನಲ್ಲಿ ಫೋನು ಬಂದ್ ಇರುತ್ತದೆ. ಮೆಸೇಜು ಹಾಕಿದೆ, ಬ್ರೇಕಿನಲ್ಲಿ ನೋಡಿ "ಮನೆಗೆ ಹೋಗಿ ಮಾತಾಡ್ತೇನೆ" ಎಂದಷ್ಟು ಬರೆದಳು. ಟ್ಯಾಕ್ಸಿ ಹಿಡಿದು ಕೆಲಸಕ್ಕೆ ಹೋದೆ. ಬೆಳಗಿನ ಭಾಷಣ ತಪ್ಪಿತ್ತು. ಆ ದಿನ ಹೇಗೆ ಸಾಯಬಹುದೆಂದು ಯಾರೂ ಹೇಳದೆ ಎಲ್ಲರೂ ಆರಾಮವಾಗಿ ಕೆಲಸ ಮಾಡುತ್ತಿದ್ದರು.

ಸಂಜೆ ಅವಳು ಫೋನೆತ್ತಿದಾಗ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಪೆಟ್ಟಿಗೆ ಮಡಿಲಿನಲ್ಲಿತ್ತು. ಮಗಳು ಶಾಲೆಗೆ ಹೋಗಿದ್ದಳು.

ನಾನು ಮಿಕ್ಸಿ ಎನ್ನಲಿಲ್ಲ. "ನಿನ್ನೆ ಅದರಲ್ಲಿ ಗುಂಡು ಒಳಗಿತ್ತಾ?" ಎಂದೆ, ಜಿಪ್ಸಮ್ಮಿನ ಆಚೆ ಕೇಳುವಷ್ಟು ಜೋರಾಗಿ.

ಅವಳು ಪೆಟ್ಟಿಗೆಯ ಮುಚ್ಚಳವನ್ನು ಅಂಗೈಯಿಂದ ಒರೆಸಿದಳು. ಧೂಳು ಇದ್ದ ಹಾಗೆ ಕಾಣಲಿಲ್ಲ.

"ಇತ್ತು."

"ಛೇಂಬರಿನಲ್ಲಿ?"

"ಇತ್ತು ಅಂದೆ ಅಲ್ವಾ."

"ನಾನು ಹೇಳುವವರೆಗೆ ಹಾಕುವುದಿಲ್ಲ ಅಂದಿದ್ದಿ."

"ನೀವು ಹೇಳಲೇ ಇಲ್ಲ!" ಈಗ ಬೊಬ್ಬೆ ಹೊಡೆದದ್ದು ಅವಳು. "ಎಷ್ಟು ಕಾಯುವುದು? ದಿನಾ ಆ ಪಾರ್ಕಿಂಗಿನಲ್ಲಿ ನಡೆಯುವುದು ನಾನು. ನೀವು ಅಲ್ಲಿ ಕೂತು ಯೋಚನೆ ಮಾಡ್ತಾ ಇರ್ತೀರಿ. ಅವ ಕಾಯ್ತಾನಾ? ಒಂದು ದಿನ ಸಾಕಾಯ್ತು, ಹಾಕಿದೆ. ಮನೆಗೆ ಬಂದು ದಿನಾ ತೆಗೀತಿದ್ದೆ. ನಿನ್ನೆ... ನಿನ್ನೆ ಮರ್ತಿದ್ದೆ. ಎರಡು ಪಾಳಿ ಒಟ್ಟಿಗೆ ಮಾಡಿ ಬಂದದ್ದು. ಹಾಗೇ ಇಟ್ಟೆ."

ನಾನು ನೋಡಿದ ಒಂದು ವಿಡಿಯೊದಲ್ಲೂ ಇದು ಇರಲಿಲ್ಲ. ಅವರೆಲ್ಲ ಹೊಡೆಯಲು ಬಂದವನ ಬಗ್ಗೆಯೇ ಮಾತಾಡಿದ್ದರು. ಎರಡು ಪಾಳಿ ನಿಂತು ಕೆಲಸ ಮಾಡಿದ ಹೆಂಗಸು ಮನೆಗೆ ಬಂದು, ತೂಕಡಿಸುತ್ತಾ, ಗುಂಡು ತೆಗೆಯುವ ಬಗ್ಗೆ ಯಾರೂ ಹೇಳಿರಲಿಲ್ಲ. ನಾನಾದರೂ ಹೇಳಬೇಕಿತ್ತು. ಏಣಿಯಿಂದ ಜನ ಬೀಳುವುದು ಪಾಳಿಯ ಕೊನೆಯಲ್ಲಿ, ಮನೆಗೆ ಹೊರಡುವ ಹೊತ್ತಿನಲ್ಲಿ ಎಂದು ದಿನಾ ಬೆಳಿಗ್ಗೆ ಹೇಳುವವನು ನಾನೇ.

"ಕೇಳು," ಎಂದೆ. "ಖಾಲಿ ಇಡು. ಯಾವಾಗಲೂ. ಹಾಕುವುದು ಬೇಡ, ಹಾಗಾಗಿ ತೆಗೆಯುವುದೂ ಬೇಡ. ದಣಿದು ಬಂದವಳಿಗೆ ದಿನಾ ಮಾಡಲಿಕ್ಕೆ ಹೇಳುವ ಕೆಲಸ ಅಲ್ಲ ಅದು."

"ಅವ ಬಂದರೆ?"

"ಗೊತ್ತಿಲ್ಲ."

ಅದೇ ನಿಜ. ಅವನು ಮತ್ತೆ ಬಂದರೆ ಏನೆಂಬುದಕ್ಕೆ ನನ್ನಲ್ಲಿ ಉತ್ತರ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಮಗಳು ಮನೆಯಲ್ಲಿರುವುದು ದಿನಾ, ಅವನು ಬಂದದ್ದು ಒಮ್ಮೆ. ಲೆಕ್ಕ ಅಷ್ಟೇ. ಈ ಲೆಕ್ಕ ತಪ್ಪಾದರೆ ಅದನ್ನು ಹಾಕಿದವನು ಕ್ಷೇಮವಾಗಿ ಸಮುದ್ರದಾಚೆ ಇರುತ್ತಾನೆ ಎಂಬುದೂ ನನಗೆ ಗೊತ್ತಿತ್ತು.

ಅವಳು ಪೆಟ್ಟಿಗೆ ತೆರೆದು, ಫೋನಿಗೆ ಕಾಣದ ಹಾಗೆ ತಿರುಗಿ ಕೂತು, ಏನೋ ಮಾಡಿದಳು. ಕಬ್ಬಿಣದ ಸಣ್ಣ ಸದ್ದು ಎರಡು ಸಲ ಕೇಳಿತು.

"ಖಾಲಿ," ಎಂದಳು. "ಎರಡು ಸಲ ನೋಡಿದೆ. ನಿಮ್ಮ ಹಾಗೆ."

"ಮತ್ತೆ ನಂಬರ್ ಬದಲಾಯಿಸು."

"ಅದೂ ಮಾಡ್ತೇನೆ. ಈಗ್ಲೇ. ಯಾವುದು ಇಡಲಿ? ಹೇಳಿ."

"ನಾನು ಹೇಳುವುದಿಲ್ಲ. ಇಟ್ಟ ಮೇಲೆ ನೀನೂ ನನಗೆ ಹೇಳಬೇಡ."

"ನಿಮಗೂ ಬೇಡ್ವಾ?"

"ಬೇಡ. ನನಗೆ ಗೊತ್ತಿರುವುದೆಲ್ಲ ಅವಳಿಗೂ ಗೊತ್ತುಂಟು. ನಾನು ಮಾಡುವುದನ್ನು ನೋಡಿ ಬೆಳೆದವಳು. ಆ ಪೆಟ್ಟಿಗೆ ನಿನ್ನ ಒಬ್ಬಳದ್ದೇ ಇರಲಿ."

"ಮರ್ತು ಹೋದ್ರೆ?"

"ಮರ್ತು ಹೋದ್ರೆ ಇನ್ನೂ ಒಳ್ಳೇದು."

ಅವಳು ನಕ್ಕಳು, ನಗುವಾಗ ಕಣ್ಣು ಒರೆಸಿಕೊಂಡಳು. ಅವಳು ತಲೆ ತಗ್ಗಿಸಿ ಗುಂಡಿಗಳನ್ನು ಒತ್ತಿದ್ದು ಫೋನಿನಲ್ಲಿ ಕೇಳಿತು. ಪೀಂ, ಪೀಂ ಎಂಬ ನಾಲ್ಕು ಸದ್ದು. ನಾನು ಮುಖ ಆಚೆ ತಿರುಗಿಸಿದೆ, ಸದ್ದಿನಿಂದ ನಂಬರು ತಿಳಿದೀತೇನೋ ಎಂಬ ಹಾಗೆ.

ಅವತ್ತು ಜಿಪ್ಸಮ್ಮಿನ ಆಚೆ ಅಕೌಂಟೆಂಟ್ ಕೆಮ್ಮಲೂ ಇಲ್ಲ.

ಈಗ ಆದಿತ್ಯವಾರಗಳಲ್ಲಿ ಚರ್ಚಿನ ಪೂಜೆ ಮುಗಿಸಿ, ಮಧ್ಯಾಹ್ನ ಕಳೆಯಲು ಖಾಲಿದಿಯಾಕ್ಕೆ ಹೋಗಿ ನಮ್ಮ ಹಳೆಯ ಮನೆಯ ಎದುರಿನ ಪಾರ್ಕಿನಲ್ಲಿ ಕೂರುತ್ತೇನೆ. ನಮ್ಮ ಬಾಲ್ಕನಿಯಲ್ಲಿ ಬೇರೆ ಯಾರದೋ ಬಟ್ಟೆ ಒಣಗುತ್ತಿರುತ್ತದೆ. ಅಲ್ಲಿ ಕೂತಾಗ ಮನಸ್ಸು ಆ ನಾಲ್ಕು ಅಂಕಿಗಳ ಕಡೆಗೆ ಹೋಗುತ್ತದೆ; ಬೇಡವೆಂದವನು ನಾನೇ ಆದರೂ. ಮದುವೆಯ ದಿನವೋ? ಅವಳು ಅಮೆರಿಕಕ್ಕೆ ಇಳಿದ ದಿನವೋ? ಅವಳ ಅಮ್ಮ ತೀರಿಹೋದ ದಿನವೋ? ನನ್ನ ಹುಟ್ಟಿದ ದಿನ ಮಾತ್ರ ಆಗಿರಬಾರದು. ಮಗಳು ಮೊದಲು ಒತ್ತಿ ನೋಡುವುದೇ ಅದನ್ನು. ಹೆಂಡತಿಗೂ ಅಷ್ಟು ಬುದ್ಧಿ ಇದೆ, ಖಂಡಿತ ಇಟ್ಟಿರುವುದಿಲ್ಲ.

ಇಟ್ಟಿರುವುದಿಲ್ಲ ಎಂದು ಗೊತ್ತಿದ್ದೂ, ಕೆಲವು ಸಲ ಬೆಂಚಿನ ಮೇಲೆ ಕೂತು ನನ್ನ ಹುಟ್ಟಿದ ದಿನದ ನಾಲ್ಕು ಅಂಕಿಗಳನ್ನು ತೊಡೆಯ ಮೇಲೆ ಬೆರಳಿನಿಂದ ಒತ್ತುತ್ತೇನೆ.